ಕಡತದ ಬಾಲಂಗೋಚಿ

ಗಣಕಯಂತ್ರದಲ್ಲಿ ಕೂಡಿಟ್ಟ ಯಾವ ಕಡತವನ್ನೇ ಬಿಚ್ಚಿ ನೋಡಿದರೂ, ಅದು ಇಳಕಲ್ಲಿನ ಯಾರದೋ ಲಗ್ನಪತ್ರಿಕೆಯಾಗಿರಲಿ, ಬಾದಾಮಿಯ ಮೂರನೆಯ ಗುಹೆಯ ಚಿತ್ರವಾಗಿರಲಿ, ಬನಶಂಕರಿ ಜಾತ್ರೆಯಲ್ಲಿ ಧ್ವನಿಮುದ್ರಿಸಿಕೊಂಡ ರಂಗಗೀತೆಯಾಗಿರಲಿ, ಒಳಗಿರುವುದು 0ಯಿಂದ 255ರವರೆಗಿನ ಅಂಕಿಗಳ ಒಂದು ಉದ್ದನೆಯ ಸಾಲು ಮಾತ್ರ. ಇಂಥ ಒಂದೊಂದು ಅಂಕಿಯನ್ನು ಬೈಟ್ ಎಂದು ಕರೆಯುತ್ತಾರೆ. ಈ ಸಾಲನ್ನು ಅಕ್ಷರವೆಂದು ಓದಬೇಕೋ, ಬಣ್ಣವೆಂದು ನೋಡಬೇಕೋ, ನಾದವೆಂದು ಕೇಳಬೇಕೋ ಎಂಬುದನ್ನು ಯಂತ್ರಕ್ಕೆ ತಿಳಿಸುವ ಮಾಹಿತಿಯೇ ಕಡತದ ಬಗೆ, ಆಡುಮಾತಿನಲ್ಲಿ ಫೈಲ್ ಟೈಪ್. ಈ ಮಾಹಿತಿಯನ್ನು ತೋರಿಸುವುದಕ್ಕೂ ಬೇಕೆಂದಾಗ ಬದಲಿಸುವುದಕ್ಕೂ ಸಣ್ಣ ಸಣ್ಣ ತಂತ್ರಾಂಶಗಳಿವೆ. ಅವುಗಳಿಗೆ ಜಾಹೀರಾತಿಲ್ಲ, ಹೆಚ್ಚಿನವಕ್ಕೆ ಬೆಲೆಯೂ ಇಲ್ಲ, ಕಡತ ತೆರೆಯದೆ ಮೊಂಡು ಹಿಡಿಯುವ ದಿನದವರೆಗೆ ಅವುಗಳ ನೆನಪೂ ಯಾರಿಗೂ ಆಗುವುದಿಲ್ಲ. ಬಾಗಲಕೋಟೆಯ ನವನಗರದಿಂದ ಹಿಡಿದು ಹುನಗುಂದ, ಇಳಕಲ್ಲುಗಳವರೆಗಿನ ಡಿಟಿಪಿ ಅಂಗಡಿಗಳಲ್ಲಿ ಅಂಥ ದಿನಗಳಿಗೆ ಬರವಿಲ್ಲ.

ಕಡತದ ಬಗೆಯನ್ನು ಸಾರುವ ಮೊದಲ ಗುರುತು ಹೆಸರಿನ ಕೊನೆಯಲ್ಲಿ ಚುಕ್ಕಿಯ ಆಚೆಗಿರುವ ಬಾಲಂಗೋಚಿ. ಎಕ್ಸ್‌ಟೆನ್ಶನ್ ಎಂದು ಎಲ್ಲರೂ ಬಲ್ಲ ಈ ಬಾಲ ಸಿಪಿಎಂ ಎಂಬ ಹಳೆಯ ಕಾರ್ಯವ್ಯವಸ್ಥೆಯಿಂದ ಡಾಸ್‌ಗೆ ಇಳಿದು ಬಂದದ್ದು. ಅಲ್ಲಿ ಕಡತದ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು ಅಕ್ಷರ ಎಂಬ ಕಟ್ಟುನಿಟ್ಟು ಇತ್ತು. ವಿಂಡೋಸ್ 95ರಲ್ಲಿ ಹೆಸರುಗಳು ಉದ್ದವಾದವು, ಆದರೆ ಯಂತ್ರಕ್ಕೆ ಪರಿಚಯವಿರುವ ಬಾಲಗಳನ್ನು ಬಳಕೆದಾರನ ಕಣ್ಣಿಗೆ ಬೀಳದಂತೆ ಮರೆಮಾಡುವ ಏರ್ಪಾಡೂ ಅದರೊಡನೆ ಬಂತು, ಇಂದಿಗೂ ಹೊಸ ಯಂತ್ರ ಕೊಂಡು ತಂದರೆ ಆ ಏರ್ಪಾಡು ಹಾಗೆಯೇ ಇರುತ್ತದೆ. ಅಂಕಿಗಳ ಸಾಲಿಗೂ ಈ ಬಾಲಕ್ಕೂ ಯಾವ ಒಳಸಂಬಂಧವೂ ಇಲ್ಲ ಎಂಬುದನ್ನು ಇಳಕಲ್ಲಿನ ಸೀರೆ ಅಂಗಡಿಯಲ್ಲಿ ನಿಂತವರಿಗೆ ವಿವರಿಸುವುದು ಕಷ್ಟವಲ್ಲ. ಪೊಟ್ಟಣದ ಮೇಲೆ ಇಳಕಲ್ ಎಂಬ ಅಚ್ಚು ಇದ್ದ ಮಾತ್ರಕ್ಕೆ ಒಳಗಿನದು ಇಳಕಲ್ ಸೀರೆಯಾಗುವುದಿಲ್ಲ. ಬಲ್ಲ ಹೆಂಗಸರು ಮಡಿಕೆ ಬಿಚ್ಚಿ, ತೋಪ ತೆನಿ ಸೆರಗನ್ನು ಹೊರಳಿಸಿ, ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಬಿದ್ದಿದೆಯೇ ಎಂದು ಬೆರಳಾಡಿಸಿದ ಮೇಲೆಯೇ ದರದ ಮಾತಿಗೆ ಬರುತ್ತಾರೆ. ಬಾಲಂಗೋಚಿ ಆ ಪೊಟ್ಟಣದ ಅಚ್ಚಿನಷ್ಟೇ ನಂಬಿಕೆಗೆ ಅರ್ಹ.

ಬೆರಳಾಡಿಸಿ ನೋಡುವ ಕೆಲಸವನ್ನು ಮಾಡುವ ತಂತ್ರಾಂಶಗಳಲ್ಲಿ ಹಿರಿಯದು ಯೂನಿಕ್ಸ್ ವ್ಯವಸ್ಥೆಯ 'ಫೈಲ್' ಎಂಬ ಆಜ್ಞೆ. 1973ರ ನಾಲ್ಕನೆಯ ಆವೃತ್ತಿಯಲ್ಲಿ ಕಾಣಿಸಿಕೊಂಡ ಈ ಆಜ್ಞೆಯನ್ನು 1980ರ ದಶಕದಲ್ಲಿ ಇಯಾನ್ ಡಾರ್ವಿನ್ ಎಲ್ಲರಿಗೂ ಮುಕ್ತವಾಗಿ ಸಿಗುವಂತೆ ಹೊಸದಾಗಿ ಬರೆದರು. ಲಿನಕ್ಸ್ ಹಾಗೂ ಮ್ಯಾಕ್ ಯಂತ್ರಗಳಲ್ಲಿ ಇಂದು ಓಡುತ್ತಿರುವುದು ಅದೇ ಸಂತತಿ. ಇದು ಹೆಸರನ್ನು ನೋಡುವುದಿಲ್ಲ, ಕಡತದ ಮೊದಲ ಕೆಲವು ಬೈಟ್‌ಗಳನ್ನು ಓದಿ, ತನ್ನ ಬಳಿಯಿರುವ ಪಟ್ಟಿಯೊಂದಿಗೆ ಹೋಲಿಸಿ ತೀರ್ಪು ಹೇಳುತ್ತದೆ. ಆ ಆರಂಭದ ಗುರುತಿಗೆ ಮ್ಯಾಜಿಕ್ ನಂಬರ್ ಎಂಬ ಆಡಂಬರದ ಹೆಸರಿದ್ದರೂ ಅದರಲ್ಲಿ ಮಾಯೆಯೇನೂ ಇಲ್ಲ: ಜೆಪೆಗ್ ಚಿತ್ರ 255, 216 ಎಂಬ ಅಂಕಿಗಳಿಂದ ತೊಡಗುತ್ತದೆ, ಪಿಡಿಎಫ್ ಕಡತ ಶೇಕಡಾ ಚಿಹ್ನೆಯ ಮುಂದೆ ತನ್ನ ಮೂರಕ್ಷರದ ಹೆಸರನ್ನೇ ಬರೆದುಕೊಂಡಿರುತ್ತದೆ, ವಿಂಡೋಸ್‌ನಲ್ಲಿ ಓಡುವ ಪ್ರೋಗ್ರಾಂಗಳು ಮೈಕ್ರೋಸಾಫ್ಟಿನ ಮಾರ್ಕ್ ಜ್ಬಿಕೋವ್‌ಸ್ಕಿ ಅವರ ಎಂ, ಜೆಡ್ ಎಂಬ ಆದ್ಯಕ್ಷರಗಳಿಂದಲೂ, ಜಿಪ್ ಮಾಡಿದ ಕಡತಗಳು ಆ ಪದ್ಧತಿಯನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಪಿ, ಕೆಗಳಿಂದಲೂ ಆರಂಭವಾಗುತ್ತವೆ. ದೇವಸ್ಥಾನದ ಮೆಟ್ಟಿಲಿಗೆ ದಾನಿಗಳ ಹೆಸರು ಕೆತ್ತಿಸುವ ಪದ್ಧತಿ ನಮ್ಮಲ್ಲಿ ಮಾತ್ರ ಇದೆ ಎಂದುಕೊಂಡವರು ಇದನ್ನು ಗಮನಿಸಬಹುದು.

ಬಾದಾಮಿಗೆ ಬರುವ ಪ್ರವಾಸಿಗರಿಂದ ಅಲ್ಲಿನ ಫೋಟೋ ಪ್ರಿಂಟ್ ಮಾಡುವವರಿಗೆ ಎದುರಾಗಬಹುದಾದ ತೊಡಕಿನ ಕಾರಣ ಇಂಥ ಪರೀಕ್ಷೆಯಿಂದಲೇ ತಿಳಿಯುತ್ತದೆ. 2017ರಿಂದ ಐಫೋನ್‌ಗಳು ಚಿತ್ರಗಳನ್ನು ಜೆಪೆಗ್ ಬದಲು ಹೀಕ್ ಎಂಬ ಹೊಸ ಬಗೆಯಲ್ಲಿ ಉಳಿಸತೊಡಗಿದವು. ವಾಟ್ಸಾಪಿನಲ್ಲಿ ಚಿತ್ರವೆಂದು ಕಳಿಸಿದರೆ ಅದು ದಾರಿಯಲ್ಲೇ ಜೆಪೆಗ್ ಆಗಿಬಿಡುತ್ತದೆ, ಗುಣಮಟ್ಟ ಕೆಡಬಾರದೆಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲದಲ್ಲಿದ್ದಂತೆಯೇ ಬಂದು ಬೀಳುತ್ತದೆ, ಹಳೆಯ ವಿಂಡೋಸ್ ಯಂತ್ರ ಅದನ್ನು ಮುಟ್ಟುವುದಿಲ್ಲ. ಆಗ ಬಾಲವನ್ನು ಕಿತ್ತು ಜೆಪಿಜಿ ಎಂದು ಬರೆದು ನೋಡುವುದು ಮೊದಲ ಪ್ರಯತ್ನ. ಅದು ಫಲಿಸುವುದಿಲ್ಲ, ಏಕೆಂದರೆ ಒಳಗೆ ಐದನೆಯ ಬೈಟಿನಿಂದ ಎಫ್, ಟಿ, ವೈ, ಪಿ ಎಂಬ ನಾಲ್ಕು ಅಕ್ಷರಗಳೂ, ಅವುಗಳ ಬೆನ್ನಿಗೆ ಹೀಕ್ ಎಂಬ ಗುರುತೂ ಕುಳಿತಿರುತ್ತವೆ, ಹೆಸರು ಬದಲಾಯಿತೆಂದು ಅವು ಕದಲುವುದಿಲ್ಲ.

ಬಗೆಯ ಮಾಹಿತಿಯನ್ನು ಹೆಸರಿಗೂ ಅಂಟಿಸದೆ ಒಡಲಿಗೂ ಸೇರಿಸದೆ ಬೇರೆಯೇ ಕಡೆ ಇಡುವ ಒಂದು ಚೊಕ್ಕ ಪದ್ಧತಿಯೂ ಇತ್ತು. 1984ರ ಮೆಕಿಂಟಾಷ್ ಯಂತ್ರದಲ್ಲಿ ಪ್ರತಿ ಕಡತಕ್ಕೂ ನಾಲ್ಕಕ್ಷರದ ಎರಡು ಸಂಕೇತಗಳಿದ್ದವು, ಒಂದು ಕಡತದ ಬಗೆಯನ್ನು, ಇನ್ನೊಂದು ಅದನ್ನು ಹುಟ್ಟಿಸಿದ ತಂತ್ರಾಂಶವನ್ನು ಹೇಳುತ್ತಿತ್ತು. ಅವನ್ನು ತಿದ್ದಲು ಆಪಲ್ ಕಂಪನಿಯದೇ ರೆಸ್ಎಡಿಟ್ ಎಂಬ ಉಪಕರಣವಿತ್ತು. ಕಡತವು ಡಾಸ್ ಫ್ಲಾಪಿಯೊಂದನ್ನು ಹತ್ತಿ ಇಳಿದರೆ ಆ ಸಂಕೇತಗಳು ಉದುರಿಹೋಗಿ ಅದು ಗುರುತಿಲ್ಲದ ಹಾಳೆಯಾಗುತ್ತಿತ್ತು ಎಂಬ ಕಾರಣದಿಂದ, ಒಳ್ಳೆಯ ಪದ್ಧತಿ ಸೋತು ಬಾಲಂಗೋಚಿಯೇ ಗೆದ್ದಿತು.

ವಿಂಡೋಸ್‌ನಲ್ಲಿ ಯಾವ ಬಾಲಕ್ಕೆ ಯಾವ ತಂತ್ರಾಂಶ ಎಂಬ ನಂಟನ್ನು ರಿಜಿಸ್ಟ್ರಿ ಎಂಬ ದೊಡ್ಡ ದಫ್ತರದಲ್ಲಿ ಬರೆದಿಡಲಾಗುತ್ತದೆ. ಎಕ್ಸ್‌ಪಿ ಇದ್ದ ಕಾಲದವರೆಗೆ ಫೋಲ್ಡರ್ ಆಯ್ಕೆಗಳಲ್ಲಿ ಫೈಲ್ ಟೈಪ್ಸ್ ಎಂಬ ಒಂದು ಪುಟವಿದ್ದು, ಸಾಮಾನ್ಯ ಬಳಕೆದಾರನೂ ಅಲ್ಲಿಗೆ ಹೋಗಿ ಈ ನಂಟುಗಳನ್ನು ನೋಡಿ ತಿದ್ದಬಹುದಾಗಿತ್ತು. ವಿಸ್ಟಾ ಬಂದಾಗ ಆ ಪುಟವನ್ನೇ ತೆಗೆದುಹಾಕಿದರು. ಆ ತೆರವನ್ನು ತುಂಬಿದ್ದು ನೀರ್ ಸೋಫರ್ ಎಂಬ ಪ್ರೋಗ್ರಾಮರ್ ನೀರ್‌ಸಾಫ್ಟ್ ಹೆಸರಿನಲ್ಲಿ ಹೊರತಂದ ಫೈಲ್‌ಟೈಪ್ಸ್‌ಮ್ಯಾನ್ ಎಂಬ ಉಪಕರಣ. ಪ್ರತಿಷ್ಠಾಪನೆಯ ಗೋಜಿಲ್ಲದೆ ತೆರೆಯುವ ಈ ಪುಟ್ಟ ತಂತ್ರಾಂಶದಲ್ಲಿ ಯಂತ್ರಕ್ಕೆ ಗೊತ್ತಿರುವ ಎಲ್ಲ ಬಾಲಗಳೂ ಸಾಲಾಗಿ ನಿಂತಿರುತ್ತವೆ. ಒಂದೊಂದರ ಪಕ್ಕದಲ್ಲಿ ಅದರ ವಿವರಣೆ, ಐಕಾನ್, ಜಾಲದಲ್ಲಿ ಅದನ್ನು ಕರೆಯುವ ಮೈಮ್ ಹೆಸರು, ಡಬಲ್ ಕ್ಲಿಕ್ ಮಾಡಿದಾಗ ನಡೆಯಬೇಕಾದ ಕ್ರಿಯೆ ಇವೆಲ್ಲ ಇರುತ್ತವೆ, ಬೇಕಾದುದನ್ನು ತಿದ್ದಬಹುದು, ಬೇಡದ ಕ್ರಿಯೆಯನ್ನು ಅಳಿಸಬಹುದು. ಮೈಮ್ ಎಂಬುದು 1992ರಲ್ಲಿ ಮಿಂಚಂಚೆಗಾಗಿ ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ ಹೆಸರಿಡುವ ಪದ್ಧತಿ. ಆನ್‌ಲೈನ್ ಅರ್ಜಿಗೆ ಲಗತ್ತಿಸಿದ ಕಡತ ಚಿತ್ರವೋ ಪಠ್ಯವೋ ಎಂಬುದನ್ನು ಬ್ರೌಸರು ಆಚೆಯ ಯಂತ್ರಕ್ಕೆ ಹೇಳುವುದು ಇದೇ ಹೆಸರಿನಿಂದ. ಮರೆಯಾದ ಬಾಲವನ್ನು ನಿರ್ದಿಷ್ಟ ಬಗೆಯ ಕಡತಗಳಿಗೆ ಮಾತ್ರ ಸದಾ ಕಾಣುವಂತೆ ಮಾಡುವ ಸೌಲಭ್ಯವೂ ಫೈಲ್‌ಟೈಪ್ಸ್‌ಮ್ಯಾನ್‌ನಲ್ಲಿದೆ, ಆ ಒಂದು ಸೌಲಭ್ಯಕ್ಕಾಗಿಯೇ ಅದನ್ನು ಇಟ್ಟುಕೊಂಡರೂ ತಪ್ಪಿಲ್ಲ.

ಬಾಲ ಮರೆಯಾಗಿರುವುದರಿಂದ ಆಗುವ ಕೇಡು ಸಣ್ಣದಲ್ಲ. 2000ದ ಮೇ ತಿಂಗಳಲ್ಲಿ ಪ್ರೇಮಪತ್ರದ ಸೋಗಿನಲ್ಲಿ ಜಗತ್ತಿನ ಕಚೇರಿಗಳನ್ನು ಹೊಕ್ಕ ಕುತಂತ್ರಾಂಶಕ್ಕೆ ಎರಡು ಬಾಲಗಳಿದ್ದವು. ಕಾಣುತ್ತಿದ್ದುದು ಸಾಧು ಸ್ವಭಾವದ ಟಿಎಕ್ಸ್‌ಟಿ, ಮರೆಯಲ್ಲಿ ಇದ್ದುದು ಆಜ್ಞೆಗಳನ್ನು ಓಡಿಸುವ ವಿಬಿಎಸ್. ಕಾಲು ಶತಮಾನದ ನಂತರ ಅದೇ ಉಪಾಯ ಲಗ್ನಪತ್ರಿಕೆಯ ವೇಷದಲ್ಲಿ ಫೋನಿಗೆ ಬಂದಿದೆ. ಗುರುತಿಲ್ಲದ ನಂಬರಿನಿಂದ ಬರುವ ಲಗ್ನದ ಆಮಂತ್ರಣದ ಬಾಲದಲ್ಲಿ ಎಪಿಕೆ ಎಂದಿದ್ದರೆ ಅದು ಪತ್ರಿಕೆಯಲ್ಲ, ಆಂಡ್ರಾಯ್ಡ್ ಫೋನಿನಲ್ಲಿ ನೆಲೆಯೂರಿ ಬ್ಯಾಂಕಿನ ಒಟಿಪಿ ಕದಿಯಬಲ್ಲ ಆ್ಯಪ್ ಎಂದು 2024ರಲ್ಲಿ ಪೊಲೀಸರು ಎಚ್ಚರಿಸಬೇಕಾಯಿತು. ಪರಿಚಯವಿಲ್ಲದವರ ಮದುವೆಗೂ ಕರೆ ಬಂದರೆ ಹೋಗಿ ಅಕ್ಕಿಕಾಳು ಹಾಕಿ ಬರುವ ಜನರ ನಡುವೆ ಈ ಮೋಸ ಫಲಿಸುವುದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿ ಮೊದಲ ಬೈಟ್‌ಗಳ ಪರೀಕ್ಷೆಯೂ ಅರ್ಧ ದಾರಿಗೆ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು: ಎಪಿಕೆಯೂ, ಇಂದಿನ ವರ್ಡ್ ಕಡತವೂ, ಎಕ್ಸೆಲ್ ಕಡತವೂ ಒಳಗೆ ಜಿಪ್ ಗಂಟುಗಳೇ ಆಗಿರುವುದರಿಂದ ಎಲ್ಲವೂ ಅದೇ ಪಿ, ಕೆಗಳಿಂದ ತೊಡಗುತ್ತವೆ, ಗಂಟು ಬಿಚ್ಚಿ ಒಳಗಿನ ಹೆಸರುಗಳನ್ನು ನೋಡುವ ಉಪಕರಣ ಮಾತ್ರ ಇವುಗಳ ವ್ಯತ್ಯಾಸ ಹೇಳಬಲ್ಲದು.

ಬದಲಿಸುವುದು ಎಂದಾಗ ಮೂರು ಬೇರೆ ಬೇರೆ ಕೆಲಸಗಳು ಒಂದೇ ಮಾತಿನಲ್ಲಿ ಕಲೆಸಿಹೋಗುತ್ತವೆ. ಬಾಲವನ್ನು ಬದಲಿಸುವುದು ಹೆಸರಿನ ಕೆಲಸ. ಯಾವ ತಂತ್ರಾಂಶ ತೆರೆಯಬೇಕೆಂಬ ನಂಟನ್ನು ಬದಲಿಸುವುದು ದಫ್ತರದ ಕೆಲಸ. ಅಂಕಿಗಳ ಸಾಲನ್ನೇ ಹೊಸ ಬಗೆಗೆ ತಕ್ಕಂತೆ ಬರೆಯುವುದು ಪರಿವರ್ತನೆ. ಅರ್ಜಿ ಹಾಕಲು ಕೊನೆಯ ದಿನ ಬಂದವರು ವರ್ಡ್ ಕಡತದ ಬಾಲಕ್ಕೆ ಪಿಡಿಎಫ್ ಎಂದು ಬರೆದು, ಜಾಲತಾಣ ಅದನ್ನು ಒಪ್ಪದಿದ್ದಾಗ ಸರ್ವರಿನ ಮೇಲೆ ಹರಿಹಾಯುವುದು ಮೊದಲನೆಯದನ್ನು ಮೂರನೆಯದೆಂದು ಬಗೆದಿದ್ದರಿಂದ. ಇಷ್ಟೇ ಆಗಿದ್ದರೆ ನಷ್ಟ ಒಂದು ದಿನದ್ದು. ಇಳಕಲ್, ಗುಳೇದಗುಡ್ಡದಂಥ ನೇಕಾರಿಕೆಯ ಊರುಗಳಲ್ಲಿ ಗಣಕದ ಮೇಲೆ ದಡಿಯ ಚಿತ್ತಾರ ಬಿಡಿಸುವವರಿಗೆ ಇದೇ ತಪ್ಪು ಇನ್ನೂ ತುಟ್ಟಿಯಾಗುತ್ತದೆ. ಜಕಾರ್ಡ್ ಮಗ್ಗಕ್ಕಾಗಿ ಬಿಡಿಸುವ ಚಿತ್ರದಲ್ಲಿ ಒಂದೊಂದು ಚುಕ್ಕಿಯೂ ಒಂದು ಹಾಸಿನ ಎಳೆ ಒಂದು ಹೊಕ್ಕಿನ ಎಳೆಯನ್ನು ದಾಟುವ ಜಾಗ. ಕೆಂಪು, ಬಿಳಿ, ಹಳದಿ ಎಂದು ಮೂರೇ ಬಣ್ಣವಿದ್ದರೆ ಕಡತದಲ್ಲಿಯೂ ಮೂರೇ ಬಣ್ಣ ಇರತಕ್ಕದ್ದು, ಅದಕ್ಕೆಂದೇ ಇಂಥ ಚಿತ್ರವನ್ನು ಬಣ್ಣಗಳ ಪಟ್ಟಿ ಇರುವ ಬಿಎಂಪಿ ಬಗೆಯಲ್ಲಿ ಇಡುತ್ತಾರೆ. ಅದನ್ನು ಯಾರಾದರೂ ಒಮ್ಮೆ ಜೆಪೆಗ್ ಆಗಿ ಉಳಿಸಿದರೆ, ಜಾಗ ಉಳಿಸಲು ಚಿತ್ರವನ್ನು ಅಡ್ಡ ಎಂಟು ಉದ್ದ ಎಂಟು ಚುಕ್ಕಿಗಳ ತುಣುಕುಗಳಾಗಿ ಕತ್ತರಿಸಿ ಅಂದಾಜು ಮಾಡುವ ಆ ಪದ್ಧತಿಯಲ್ಲಿ ಕೆಂಪಿನ ಅಂಚಿಗೆ ನೂರೆಂಟು ನಸುಗೆಂಪುಗಳು ಹುಟ್ಟಿಕೊಳ್ಳುತ್ತವೆ. ಆಮೇಲೆ ಬಾಲಕ್ಕೆ ಬಿಎಂಪಿ ಎಂದು ಬರೆದರೂ, ನಿಜವಾಗಿಯೇ ಬಿಎಂಪಿಗೆ ಪರಿವರ್ತಿಸಿದರೂ ಹೋದ ಮೂರು ಬಣ್ಣ ಮರಳುವುದಿಲ್ಲ. ಚುಕ್ಕಿ ಚುಕ್ಕಿಯನ್ನೂ ಕೈಯಿಂದ ತೊಳೆಯಬೇಕಾಗಿ ಬರಬಹುದು.

ಡಿಟಿಪಿ ಅಂಗಡಿಗಳಲ್ಲಿ ಕೋರಲ್‌ಡ್ರಾ ಕಡತಗಳ ತೊಂದರೆ ಬೇರೆ ಬಗೆಯದು. ಬನದ ಹುಣ್ಣಿಮೆಗೆ ಬನಶಂಕರಿಯಲ್ಲಿ ತಂಬು ಹೂಡುವ ನಾಟಕ ಕಂಪನಿಗಳ ಹ್ಯಾಂಡ್‌ಬಿಲ್ಲು, ಪೋಸ್ಟರುಗಳು ಒಂದು ಊರಿನಲ್ಲಿ ತಯಾರಾಗಿ ಇನ್ನೊಂದು ಊರಿನಲ್ಲಿ ಅಚ್ಚಾಗಬೇಕಾದಾಗ, ಬಾಲ ಎರಡೂ ಕಡೆ ಸಿಡಿಆರ್ ಎಂದೇ ಇದ್ದರೂ ಹೊಸ ಆವೃತ್ತಿಯ ಕಡತವನ್ನು ಹಳೆಯ ಆವೃತ್ತಿ ತೆರೆಯುವುದಿಲ್ಲ. ಹಳೆಯ ಕೋರಲ್ ಕಡತಗಳು ರಿಫ್ ಎಂಬ ನಾಲ್ಕಕ್ಷರದಿಂದ ತೊಡಗಿ, ಸ್ವಲ್ಪ ಮುಂದೆ ಸಿಡಿಆರ್ ಎಂಬುದರ ಪಕ್ಕದಲ್ಲಿಯೇ ಆವೃತ್ತಿಯ ಗುರುತನ್ನು ಇಟ್ಟುಕೊಂಡಿರುತ್ತವೆ. ಎಕ್ಸ್4ರಿಂದ ಈಚಿನವು ಜಿಪ್ ಗಂಟುಗಳು. ಹೀಗೆ ಒಳಗು ನೋಡಬಲ್ಲವರು ಕೂಡಲೇ ಫೋನು ಮಾಡಿ ಹಳೆಯ ಆವೃತ್ತಿಗೆ ಇಳಿಸಿ ಕಳಿಸಿರೆಂದು ಹೇಳಬಲ್ಲರು, ನೋಡಲಾರದವರು ಕಡತ ಹಾಳಾಗಿದೆಯೆಂದು ಇಡೀ ಪೋಸ್ಟರನ್ನು ಮತ್ತೆ ಮಾಡುತ್ತಾರೆ. ಪೇಜ್‌ಮೇಕರ್ ಕಡತಗಳ ಪಾಡು ಇನ್ನೂ ಕಷ್ಟ. 2001ರ ಏಳನೆಯ ಆವೃತ್ತಿಯೇ ಅದರ ಕೊನೆಯದು. ಅದರ ಕಡತಗಳನ್ನು ಇನ್‌ಡಿಸೈನ್ ಸಿಎಸ್6ರವರೆಗೆ ತೆರೆಯುತ್ತಿತ್ತು, ಆಮೇಲಿನ ಆವೃತ್ತಿಗಳು ಆ ಹೊಣೆಯನ್ನು ಕೈಬಿಟ್ಟವು. ಕನ್ನಡದ ಪುಸ್ತಕೋದ್ಯಮದ ಎಷ್ಟೋ ವರ್ಷಗಳ ದುಡಿಮೆ ಆ ಬಗೆಯೊಳಗೆ ಕುಳಿತಿದೆ.

ಈವರೆಗಿನ ತೊಡಕುಗಳು ಲೋಕದ ಎಲ್ಲ ಕಡೆಯೂ ಇರುವಂಥವು. ಕನ್ನಡದ ಹಳೆಯ ಪಠ್ಯಕಡತಗಳಲ್ಲಿ ಮಾತ್ರ ಬೇರೊಂದು ಸಂಗತಿಯಿದ್ದು, ಅಲ್ಲಿ ಬಾಲವೂ ಮೊದಲ ಬೈಟೂ ರಿಜಿಸ್ಟ್ರಿಯೂ ಒಟ್ಟಾಗಿ ಮೌನ ವಹಿಸುತ್ತವೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಜಾಗ ಸಿಕ್ಕಿದ್ದರೂ ಅದನ್ನು ಬಳಸುವ ಅನುಕೂಲ ಊರೂರಿಗೆ ಬರಲು ಬಹಳ ಕಾಲ ಹಿಡಿಯಿತು. ಆ ನಡುವಿನ ಕಾಲವನ್ನು ನಡೆಸಿದ್ದು 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಶ್ರೀಲಿಪಿ ಮೊದಲಾದ ತಂತ್ರಾಂಶಗಳು. ಇವು ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಅಂಕಿಗಳ ಮನೆಯಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದವು. ಫಾಂಟ್ ಇದ್ದಾಗ ಕನ್ನಡ, ಇಲ್ಲದಾಗ ಚಿಹ್ನೆಗಳ ಸಂತೆ. ಬಾಗಲಕೋಟೆ ಎಂಬ ಹೆಸರನ್ನು ನುಡಿಯಲ್ಲಿ ಬರೆದು ಫಾಂಟ್ ಕಿತ್ತರೆ ಕಾಣುವುದು ಇಷ್ಟು: ಅಡ್ಡಲಾಗಿ ಎರಡು ಚುಕ್ಕಿ, ತಲೆಯ ಮೇಲೆ ಓರೆಗೆರೆಯಿರುವ ಎ, ಯು, ಎದುರು ದಿಕ್ಕಿನ ಓರೆಗೆರೆಯ ಇನ್ನೊಂದು ಎ, ವೃತ್ತದೊಳಗೆ ಕೂತ ಆರ್, ಪಿ, ಓರೆಗೆರೆಯ ಇ, ಒಂದಕ್ಕೊಂದು ಅಂಟಿಕೊಂಡ ಎ-ಇ ಜೋಡಿ, ಅಲೆಗೆರೆಯ ಎ, ಎಂ, ಮತ್ತೊಮ್ಮೆ ಓರೆಗೆರೆಯ ಇ. ವ್ಯಾಪಾರಮುದ್ರೆ ನೋಂದಾಯಿತವೆಂದು ಸಾರುವ ವೃತ್ತದೊಳಗಿನ ಆರ್ ಇಲ್ಲಿ ಬಾಗಲಕೋಟೆಯ ಲಕಾರ. ಹುನಗುಂದದ ನಕಾರಕ್ಕೆ ಬ್ರಿಟಿಷ್ ಪೌಂಡಿನ ಚಿಹ್ನೆ ಬೇಕು. ಇಳಕಲ್ಲಿನ ಳಕಾರ ಕಾಲು ಭಾಗ ಎಂಬ ಭಿನ್ನರಾಶಿಯ ಗುರುತಿನಿಂದ ಹುಟ್ಟುತ್ತದೆ.

ನುಡಿಯಲ್ಲಿ ಬರೆದ ಇಂಥ ಪಠ್ಯಕಡತವನ್ನು ಫೈಲ್ ಆಜ್ಞೆಗೆ ಒಪ್ಪಿಸಿದರೆ ಅದು ಐಎಸ್‌ಒ-8859 ಪಠ್ಯ, ಅಂದರೆ ಯುರೋಪಿನ ಯಾವುದೋ ಭಾಷೆಯ ಬರಹ ಇರಬಹುದು ಎಂದು ಗಂಭೀರವಾಗಿ ವರದಿ ಮಾಡುತ್ತದೆ, ಅದರ ಮಟ್ಟಿಗೆ ಅದು ಸುಳ್ಳೂ ಅಲ್ಲ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಾದರೆ ಒಂದೊಂದು ಕನ್ನಡ ಸಂಕೇತವೂ ಮೂರು ಬೈಟ್‌ಗಳದ್ದು, ಮೊದಲನೆಯದು 224, ಎರಡನೆಯದು 178 ಇಲ್ಲವೇ 179. ಎರಡನೆಯದು 176 ಅಥವಾ 177 ಆದರೆ ಅದು ನೆರೆಯ ತೆಲುಗು. ಇಷ್ಟು ಸ್ಪಷ್ಟ ಗುರುತು ನುಡಿಯ ಕಡತಕ್ಕಿಲ್ಲ. ವರ್ಡ್ ಅಥವಾ ಆರ್‌ಟಿಎಫ್ ಕಡತವಾಗಿದ್ದರೆ ಒಳಗೆ ಫಾಂಟಿನ ಹೆಸರಾದರೂ ದಾಖಲಾಗಿರುತ್ತದೆ. ಬರಿಯ ಟಿಎಕ್ಸ್‌ಟಿ ಆಗಿದ್ದರೆ ಅದೂ ಇಲ್ಲದೆ, ಕಡತದ ನಿಜವಾದ ಬಗೆ ಕಡತದ ಹೊರಗೆ, ಅದನ್ನು ಬೆರಳಚ್ಚು ಮಾಡಿದವರ ತಲೆಯಲ್ಲಿ ಉಳಿದಿರುತ್ತದೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಡಿಟಿಪಿ ಆಪರೇಟರುಗಳು ಪರದೆಯ ಮೇಲಿನ ಚಿಹ್ನೆಗಳ ಸಂತೆಯನ್ನು ಒಮ್ಮೆ ನೋಡಿ, "ಇದು ನುಡಿ ಐತ್ರಿ, ಶ್ರೀಲಿಪಿ ಅಲ್ಲ, ಫಾಂಟ್ ಹಾಕ್ರಿ ಬರತೈತಿ" ಎಂದುಬಿಡುತ್ತಾರೆ. ಎದುರು ದಿಕ್ಕಿನ ಓರೆಗೆರೆಯ ಎ ಎಷ್ಟು ಸಲ ಬಂದಿದೆ ಎಂಬುದೇ ಅವರಿಗೆ ಸಾಕು, ಏಕೆಂದರೆ 192 ಎಂಬ ಆ ಬೈಟು ನುಡಿಯಲ್ಲಿ ತಲಕಟ್ಟು, ತಲಕಟ್ಟಿಲ್ಲದೆ ಕನ್ನಡದ ಒಂದು ಸಾಲೂ ಸಾಗುವುದಿಲ್ಲ. ಬರಹದ ಹಳೆಯ ಫಾಂಟುಗಳೂ ಬಹುಮಟ್ಟಿಗೆ ಇದೇ ಅಂಕಿಗಳನ್ನು ಬಳಸುವುದರಿಂದ ಅವೆರಡರ ನಡುವೆ ತೀರ್ಪು ಹೇಳುವ ಕಷ್ಟವನ್ನು ಅವರು ತೆಗೆದುಕೊಳ್ಳುವುದಿಲ್ಲ. ಈ ವಿದ್ಯೆ ಪಟ್ಟಿಮಾಡಿ ಬರೆದಿಡಲು ತಕ್ಕದ್ದು.

ಗುರುತು ಸಿಕ್ಕ ಮೇಲೆ ಪರಿವರ್ತನೆ. ನುಡಿಯಿಂದ ಯೂನಿಕೋಡಿಗೆ ತರುವ ಉಪಕರಣಗಳು ಈಗ ಹಲವಿವೆ, ಆದರೆ ಅಂಕಿಗೆ ಅಂಕಿ ಕೂರಿಸುತ್ತ ಹೋಗುವುದರಿಂದ ಕೆಲಸ ಮುಗಿಯುವುದಿಲ್ಲ. ನುಡಿ ಕಡತವು ಅಕ್ಷರವನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತದೆ, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ. ಕರ್ನಾಟಕ ಎಂದು ಬರೆದಾಗ ನುಡಿಯಲ್ಲಿ ಅರ್ಕಾವತ್ತು ನಾ ಆದ ಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ರಕಾರವೂ ಹಲಂತ ಚಿಹ್ನೆಯೂ ನಾ ಬರುವ ಮೊದಲೇ ಬರಬೇಕು. ಆದ್ದರಿಂದ ಪರಿವರ್ತಕವು ಅದನ್ನು ಎತ್ತಿ ಹಿಂದಕ್ಕೆ ಇಡಬೇಕಾಗುತ್ತದೆ. ಬಾಗಲಕೋಟೆಯ ಕೋ ನುಡಿಯಲ್ಲಿ ನಾಲ್ಕು ತುಂಡು, ಯೂನಿಕೋಡಿನಲ್ಲಿ ಎರಡು. ಎಲ್ಲಕ್ಕಿಂತ ಸ್ವಾರಸ್ಯದ್ದು ಮಕಾರ: ನುಡಿಯಲ್ಲಿ ಅದಕ್ಕೆ ಸ್ವಂತ ಅಂಕಿಯೇ ಇಲ್ಲ, ವಕಾರವನ್ನು ಬರೆದು ಅದಕ್ಕೆ 196 ಎಂಬ ಕೊಂಬನ್ನು ಸೇರಿಸಿದರೆ ಆಕಾರದಲ್ಲಿ ಮ ಆಗುತ್ತದೆ, ವು ಬೇಕಾದರೆ 197 ಎಂಬ ಬೇರೆ ಕೊಂಬು ಹಾಕಬೇಕು. ಈ ಒಂದಂಕಿಯ ವ್ಯತ್ಯಾಸ ತಿಳಿಯದ ಪರಿವರ್ತಕದ ಕೈಯಲ್ಲಿ ಬಾದಾಮಿಯ ಮಿ ಉಳಿಯುವುದಿಲ್ಲ, ಮಗ ಎಂಬುದು ವುಗ ಆಗುತ್ತದೆ.

ಹುನಗುಂದದಂಥ ತಾಲ್ಲೂಕು ಊರುಗಳಲ್ಲಿ ಖರೀದಿ ಪತ್ರ, ವಾಟ್ನಿ ಪತ್ರಗಳ ಹಳೆಯ ಮಾದರಿಗಳನ್ನು ಇಟ್ಟುಕೊಂಡ ಬಾಂಡ್ ರೈಟರುಗಳಿಗೆ ಇದು ವಿನೋದದ ವಿಷಯವಲ್ಲ. ಫಾಂಟಿನ ಹೆಸರು ಉದುರಿಹೋದ ಕಡತದಲ್ಲಿ ಕನ್ನಡದ ನಡುವೆ ನಾಲ್ಕು ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿಯುತ್ತದೆ. ಪ್ಯಾನ್ ಎಂಬುದರ ಮೂರು ದೊಡ್ಡಕ್ಷರಗಳು ತಲಕಟ್ಟಿಲ್ಲದ ಒಂದು ಕ, ಒಂದು ಸೊನ್ನೆ, ಒಂದು ಓ ಆಗಿ ಮಾರಾಟಗಾರರ ಹೆಸರಿನ ಪಕ್ಕದಲ್ಲಿ ಕೂರುತ್ತವೆ. ಅದಕ್ಕಾಗಿ ಪರಿವರ್ತನೆಯಾದ ಪ್ರತಿಯನ್ನು ಹಳೆಯ ಮುದ್ರಿತ ಪ್ರತಿಯ ಜೊತೆಗಿಟ್ಟು ಒಬ್ಬರು ಓದಿ ಇನ್ನೊಬ್ಬರು ನೋಡುವ ಕೆಲಸವನ್ನು ಯಾವ ಉಪಕರಣವೂ ತಪ್ಪಿಸಿಲ್ಲ, ಮೂಲ ಕಡತವನ್ನು ಅಳಿಸದೆ ಅದರ ಹೆಸರಿನಲ್ಲಿಯೇ ಫಾಂಟಿನ ಹೆಸರನ್ನೂ ಸೇರಿಸಿ ಬರೆದಿಡುವುದೇ ಈವರೆಗೆ ಕಂಡುಕೊಂಡ ಅಗ್ಗದ ಉಪಾಯ. ಅಂಕಿಗಳ ವಿಷಯದಲ್ಲಿ ಮಾತ್ರ ಚಿಂತೆಯಿಲ್ಲ: ಸೊನ್ನೆಯಿಂದ ಒಂಬತ್ತರವರೆಗಿನವು ನುಡಿಯಲ್ಲಿಯೂ ಯುಟಿಎಫ್-8ರಲ್ಲಿಯೂ 48ರಿಂದ 57ರ ಬೈಟ್‌ಗಳೇ ಆಗಿರುವುದರಿಂದ, ಹೆಸರು, ಊರು, ಚಕಬಂದಿ ಎಲ್ಲ ಕಲಸುಮೇಲೋಗರವಾದ ಪತ್ರದಲ್ಲಿಯೂ ಸರ್ವೆ ನಂಬರು, ಎಕರೆ ಗುಂಟೆಗಳು ಮತ್ತು ಖರೀದಿಯ ರೊಕ್ಕ ಒಂದು ಕೂದಲೂ ಕೊಂಕದೆ ಹೊರಬರುತ್ತವೆ.